ಕೋಡ್ ಇಳಿಸೋದು: ಬೇಳೆ ಬೇಕೋ, ತೊಗರಿ ಬೇಕೋ?

ಪ್ರಶ್ನೆ: ಸರ್, ನಾನು ಯಾದಗಿರಿಯವನು, ಬಿಸಿಎ ಕೊನೆಯ ವರ್ಷ. ಮನೆಯಲ್ಲಿ ಅಜ್ಜನ ಕಾಲದ ತತ್ವಪದಗಳ ಅಚ್ಚಿನ ಪುಸ್ತಕ ಇದೆ. ಅದನ್ನು ಸ್ಕ್ಯಾನ್ ಮಾಡಿ, ಟೆಸರ್ಯಾಕ್ಟ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್ ಪ್ರೋಗ್ರಾಂ) ಬಳಸಿ ಯುನಿಕೋಡ್ ಪಠ್ಯ ಮಾಡುವುದು ನನ್ನ ಪ್ರಾಜೆಕ್ಟ್. ಗೈಡ್ ಮೇಡಂ "ಗಿಟ್‌ಹಬ್‌ನಿಂದ ಕೋಡ್ ತಗೊಂಡು ನೀನೇ ಬಿಲ್ಡ್ ಮಾಡು" ಅಂದಿದ್ದಾರೆ. ಮೊದಲು ಜಿಪ್ ಇಳಿಸಿದೆ, ಬಿಚ್ಚಿ ನೋಡಿದರೆ ಕಾನ್ಫಿಗರ್ ಅನ್ನೋ ಫೈಲೇ ಇಲ್ಲ. ಆಮೇಲೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಬಳಸಿ ಕ್ಲೋನ್ ಮಾಡಲು, ಅಂದರೆ ಗಿಟ್‌ಹಬ್‌ನಲ್ಲಿರುವ ರೆಪೊದ (ಕೋಡ್ ಭಂಡಾರದ) ಪೂರ್ತಿ ನಕಲು ತರಲು ಹೋದೆ. ಒಂದು ಸಲ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು, ಇನ್ನೊಂದು ಸಲ ಪರ್ಮಿಷನ್ ಡಿನೈಡ್ ಅಂತು. ಕನ್ನಡ ಅಕ್ಷರ ಗುರುತಿಸುವ ಡೇಟಾ ಬೇಕೆಂದು ಟೆಸ್‌ಡೇಟಾ ಎಂಬ ರೆಪೊದ ಕ್ಲೋನ್ ಹಚ್ಚಿದರೆ ಹಾಟ್‌ಸ್ಪಾಟ್‌ನ ದಿನದ ಡೇಟಾ ಅರ್ಧಕ್ಕೇ ಖಾಲಿ, ಮರುದಿನ ಮತ್ತೆ ಸೊನ್ನೆಯಿಂದ ಶುರು. ಜಿಪ್ಪೋ ಕ್ಲೋನೋ, ಸರಿಯಾದ ದಾರಿ ಯಾವುದು?

ಉತ್ತರ: ಅಷ್ಟು ಡೇಟಾ ಹೋದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನೀವು ಬಿದ್ದ ಗುಂಡಿಗಳಲ್ಲಿ ನಾನೂ ಬಿದ್ದೆದ್ದವನೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಿಮಗೆ ಟೆಸರ್ಯಾಕ್ಟ್ ಬೇಕೋ, ಟೆಸರ್ಯಾಕ್ಟ್‌ನ ಕೋಡ್ ಬೇಕೋ? ಎರಡೂ ಒಂದೇ ಅಂದುಕೊಂಡದ್ದರಿಂದಲೇ ಇಷ್ಟೆಲ್ಲ ಪಾಡು.

ನಮ್ಮ ಕಲಬುರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಡ್ ಅಂದರೆ ತೊಗರಿ, ಪ್ಯಾಕೇಜ್ ಅಂದರೆ ಬೇಳೆ, ತೊಗರಿ ಒಡೆದು ಬೇಳೆ ಮಾಡೋದೇ ಬಿಲ್ಡ್. ಸಾರು ಮಾಡೋದಿದ್ದರೆ ಅಂಗಡಿಯಿಂದ ಬೇಳೆ ತರ್ತೀವಿ, ತೊಗರಿ ಚೀಲ ಹೊತ್ತು ತಂದು ಮನೆಯಲ್ಲಿ ಒಡೆಯುತ್ತ ಕೂಡೋದಿಲ್ಲ. ನಿಮ್ಮ ಪುಸ್ತಕ ಪಠ್ಯವಾಗುವುದಷ್ಟೇ ಮುಖ್ಯವಾದರೆ, ಉಬುಂಟುನಲ್ಲಿ ಒಂದೇ ಸಾಲು ಸಾಕು:

ಸುಡೋ ಆಪ್ಟ್ ಇನ್‌ಸ್ಟಾಲ್ ಟೆಸರ್ಯಾಕ್ಟ್-ಓಸಿಆರ್ ಟೆಸರ್ಯಾಕ್ಟ್-ಓಸಿಆರ್-ಕನ್

(ಆಜ್ಞೆಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ. ಹೆಸರಿನ ಸ್ಪೆಲ್ಲಿಂಗ್: ಟಿ, ಇ, ಎಸ್, ಎಸ್, ಇ, ಆರ್, ಎ, ಸಿ, ಟಿ. ಎಸ್ ಎರಡು, ಆರ್ ಒಂದೇ. ಇದು ಮುಂದೆ ಕೆಲಸಕ್ಕೆ ಬರುತ್ತದೆ.)

ಇದರಲ್ಲಿ ಪ್ರೋಗ್ರಾಂ ಬಂತು, ಕನ್ನಡದ ಡೇಟಾ ಬಂತು, ಅದು ಆತುಕೊಂಡಿರುವ ಲೈಬ್ರರಿಗಳೂ ಬಂದವು. ನಿಮ್ಮ ಜಾಗದಲ್ಲಿ ನಾನಿದ್ದರೆ ಇವತ್ತು ರಾತ್ರಿ ಇದನ್ನೇ ಹಾಕಿಕೊಂಡು ಒಂದೆರಡು ಪುಟ ಓಡಿಸಿ ನೋಡುತ್ತಿದ್ದೆ, ಆಮೇಲೆ ಬಿಲ್ಡ್ ಮಾತು. ಆದರೆ ಮೇಡಂ ಹೇಳಿದ್ದೂ ತಪ್ಪಲ್ಲ. ಒಳಗಿನ ಕೋಡ್ ಓದಬೇಕು, ತಿದ್ದಬೇಕು, ಹೊಸ ಆವೃತ್ತಿ ಬಂದಾಗ ಏನು ಬದಲಾಯಿತೆಂದು ನೋಡಬೇಕು ಅನ್ನುವವರಿಗೆ ತೊಗರಿಯೇ ಬೇಕು. ಕಲಿಯೋಕೆ ಬಂದವರಿಗಂತೂ ಬೇಕೇ ಬೇಕು.

ಜಿಪ್ ಬಿಚ್ಚಿದಾಗ ಕಾನ್ಫಿಗರ್ ಫೈಲ್ ಯಾಕಿಲ್ಲ? ನೀವು ಇಳಿಸಿದ್ದರಲ್ಲಿ ಏನೂ ಕಳೆದುಹೋಗಿಲ್ಲ. ಹಳೆಯ ಪುಸ್ತಕಗಳಲ್ಲೆಲ್ಲ ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂದು ಮಂತ್ರದ ಹಾಗೆ ಬರೆದಿರುತ್ತಾರೆ. ಅದು ಯೋಜನೆಯವರು ಬಿಡುಗಡೆಗೆಂದೇ ಕಟ್ಟಿಕೊಡುವ ಟಾರ್‌ಬಾಲ್ ಎಂಬ ಗಂಟು ಫೈಲಿಗೆ ಹೊಂದುವ ಮಂತ್ರ. ಕಾನ್ಫಿಗರ್ ಎಂಬುದು ಮನುಷ್ಯರು ಬರೆಯುವ ಫೈಲ್ ಅಲ್ಲ, ಕಾನ್ಫಿಗರ್.ಎಸಿ ಎಂಬ ಸಣ್ಣ ಫೈಲಿನಿಂದ ಆಟೋಟೂಲ್ಸ್ ಎಂಬ ಸಲಕರಣೆಗಳು ಹುಟ್ಟಿಸುವ ಸಾವಿರಾರು ಸಾಲಿನ ಸ್ಕ್ರಿಪ್ಟ್. ಯಂತ್ರ ಹುಟ್ಟಿಸುವುದನ್ನು ರೆಪೊದಲ್ಲಿ ಇಡುವ ರೂಢಿ ಕಡಿಮೆ, ಮನುಷ್ಯರು ಬರೆದದ್ದನ್ನಷ್ಟೇ ಇಡುತ್ತಾರೆ. ಹಾಗಾಗಿ ರೆಪೊದಿಂದ ತೆಗೆದುಕೊಂಡವರು ಮೊದಲು ಆಟೋಜೆನ್.ಎಸ್‌ಎಚ್ ಓಡಿಸಬೇಕು. ಅದು ಕಾನ್ಫಿಗರ್ ಫೈಲನ್ನು ನಿಮ್ಮ ಕಣ್ಣೆದುರೇ ತಯಾರಿಸಿ ಕೊಡುತ್ತದೆ. ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್ ಮೊದಲೇ ಹಾಕಿಕೊಂಡಿರದಿದ್ದರೆ ಅಲ್ಲೇ ಮುಗ್ಗರಿಸುತ್ತದೆ.

ಗಿಟ್‌ಹಬ್‌ನ ಹಸಿರು ಗುಂಡಿ ಒತ್ತಿದಾಗ ಬರುವ ಜಿಪ್ ಆ ಕ್ಷಣದ ರೆಪೊದ ಒಂದು ಫೋಟೊ ಇದ್ದ ಹಾಗೆ. ಬಿಡುಗಡೆಯ ಪುಟದಲ್ಲಿ ಸೋರ್ಸ್ ಕೋಡ್ ಎಂದು ತಾನಾಗಿಯೇ ಮೂಡುವ ಜಿಪ್ ಕೂಡ ಅಷ್ಟೇ. ಅದರಲ್ಲಿ ಇತಿಹಾಸ ಇರುವುದಿಲ್ಲ, ಸಬ್‌ಮಾಡ್ಯೂಲ್ (ಒಳಗೆ ಜೋಡಿಸಿದ ಬೇರೆ ರೆಪೊ) ಇದ್ದರೆ ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಇರುತ್ತದೆ. ನಾಳೆ ಯೋಜನೆಯಲ್ಲೊಂದು ದೋಷ ಸರಿಪಡಿಸಿದರೆ ನೀವು ಪೂರಾ ಜಿಪ್ ಮತ್ತೆ ಇಳಿಸಬೇಕು. ಒಂದು ಸಲ ಕಣ್ಣಾಡಿಸಲು ಜಿಪ್ ಸಾಕು. ಮೂರು ತಿಂಗಳ ಪ್ರಾಜೆಕ್ಟಿಗೆ ಸಾಲದು.

ರೆಪೊ ಬೇರೆ, ಟಾರ್‌ಬಾಲ್ ಬೇರೆ ಅನ್ನುವುದು ಬರೀ ಅನುಕೂಲದ ಮಾತೂ ಅಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಂಪ್ರೆಶನ್ ಲೈಬ್ರರಿಯಲ್ಲಿ ಯಾರೋ ಕಳ್ಳಬಾಗಿಲು ಕೂಡಿಸಿದ್ದು ಬಯಲಾಯಿತಲ್ಲ, ಅದರಲ್ಲಿ ಆ ಬಾಗಿಲನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟ್ 5.6.0 ಮತ್ತು 5.6.1ರ ಟಾರ್‌ಬಾಲ್‌ಗಳಲ್ಲಿ ಮಾತ್ರ ಇತ್ತು, ಗಿಟ್ ರೆಪೊದಲ್ಲಿ ಇರಲಿಲ್ಲ. ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಸುರಕ್ಷಿತವಾಗಿ ಸೇರುವ ದಾರಿ) ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ತಲೆ ಕೆಡಿಸಿಕೊಂಡ ಆಂಡ್ರೆಸ್ ಫ್ರಾಯ್ಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಅದನ್ನು ಹಿಡಿದರು. ಆಮೇಲಿಂದ ರೆಪೊದಿಂದಲೇ ಬಿಲ್ಡ್ ಮಾಡುವವರ ಮಾತಿಗೆ ತೂಕ ಜಾಸ್ತಿ ಬಂದಿದೆ.

ಇನ್ನು ಆ ಪಾಸ್‌ವರ್ಡ್ ವಿಷಯ. ತಿಂಗಳಿಗೊಬ್ಬರಾದರೂ ಫೋನ್ ಮಾಡಿ "ಸರ್, ಓಪನ್ ಸೋರ್ಸ್ ಅಂತೀರಿ, ಯೂಸರ್‌ನೇಮ್ ಕೇಳ್ಲಾಕತ್ತದಲ್ರೀ" ಅಂತಾರೆ. ಸಾರ್ವಜನಿಕ ರೆಪೊವನ್ನು ಕ್ಲೋನ್ ಮಾಡಲು ಖಾತೆಯೇ ಬೇಡ. ಹಾಗಿದ್ದೂ ಕೇಳಿತೆಂದರೆ ನೂರಕ್ಕೆ ತೊಂಬತ್ತು ಸಲ ವಿಳಾಸ ತಪ್ಪಿದೆ ಅಂತಲೇ ಅರ್ಥ. ಇಲ್ಲದ ರೆಪೊದ ಹೆಸರು ಹೊಡೆದರೆ ಗಿಟ್‌ಹಬ್ "ಅಂಥದ್ದು ಇಲ್ಲ" ಎಂದು ಸೀದಾ ಹೇಳುವುದಿಲ್ಲ. ಆ ಹೆಸರಿನದು ಯಾರದೋ ಖಾಸಗಿ ರೆಪೊ ಇದ್ದಿರಬಹುದು, ಅದರ ಗುಟ್ಟು ಬಿಟ್ಟುಕೊಡಬಾರದೆಂದು ಮೊದಲು ನೀವು ಯಾರೆಂದು ಕೇಳುತ್ತದೆ. ನೀವು ನಿಜವಾದ ಪಾಸ್‌ವರ್ಡ್ ಕೊಟ್ಟರೂ ಉಪಯೋಗವಿಲ್ಲ, 2021ರ ಆಗಸ್ಟ್‌ನಿಂದ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡನ್ನು ಅಲ್ಲಿ ಸ್ವೀಕರಿಸುವುದೇ ಇಲ್ಲ. ಕಂಟ್ರೋಲ್-ಸಿ ಒತ್ತಿ ಹೊರಬಂದು ಸ್ಪೆಲ್ಲಿಂಗ್ ನೋಡಿ. ನೀವು ಆರ್ ಎರಡು ಹಾಕಿದ್ದೀರಿ ಅಂತ ನನ್ನ ಅನುಮಾನ.

ಪರ್ಮಿಷನ್ ಡಿನೈಡ್ ಬಂದದ್ದು ಬೇರೆ ಕಾರಣಕ್ಕೆ. ಎಲ್ಲಿಂದಲೋ ನಕಲು ಮಾಡಿದ ವಿಳಾಸ ಗಿಟ್, ಆಟ್ ಚಿಹ್ನೆ, ಗಿಟ್‌ಹಬ್ ಎಂದು ಶುರುವಾಗಿರಬೇಕು. ಅದು ಎಸ್‌ಎಸ್‌ಎಚ್ ದಾರಿ. ಅಲ್ಲಿ ಓದಲಿಕ್ಕೂ ಖಾತೆ ಬೇಕು, ಕೀ ಬೇಕು. ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ವಿಳಾಸ ಬಳಸಿ, ರಗಳೆ ಇಲ್ಲ. ಹಳೆಯ ಲೇಖನಗಳಲ್ಲಿ ಗಿಟ್, ಕೋಲನ್, ಎರಡು ಓರೆಗೆರೆ ಎಂದು ಶುರುವಾಗುವ ಮೂರನೇ ಬಗೆಯೂ ಸಿಗುತ್ತದೆ. ಅದಕ್ಕೆ 9418ನೇ ಪೋರ್ಟ್ ತೆರೆದಿರಬೇಕು, ಬಹಳಷ್ಟು ಕಾಲೇಜು ನೆಟ್‌ವರ್ಕ್‌ಗಳಲ್ಲಿ ತೆರೆದಿರುವುದಿಲ್ಲ. ಗಿಟ್‌ಹಬ್ ಅಂತೂ 2022ರಲ್ಲಿ ಆ ದಾರಿಯನ್ನೇ ಮುಚ್ಚಿತು.

ಈಗ ನಿಮ್ಮ ಕರುಳು ಉರಿಸಿದ ಸಂಗತಿಗೆ ಬರೋಣ. ಗಿಟ್‌ನ ದೊಡ್ಡ ಕೊರತೆ ಇದು: ಕ್ಲೋನ್ ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ. ಅದುವರೆಗೆ ಬಂದದ್ದನ್ನೂ ಅಳಿಸಿ ಕೈತೊಳೆದುಕೊಳ್ಳುತ್ತದೆ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಇದನ್ನು ಬರೆಯಲು ಕೂತಾಗ, ವಾಡಿ ಜಂಕ್ಷನ್ ದಾಟುತ್ತಲೇ ಹೋಗಿಬಿಡುವ ಸಿಗ್ನಲ್ ಅವರ ಲೆಕ್ಕದಲ್ಲಿ ಇದ್ದಿರಲಿಕ್ಕಿಲ್ಲ.

ಇದೇ ಕೆಲಸಕ್ಕೆ ಇದಕ್ಕಿಂತ ಹಿಂದೆ ಇದ್ದ ಸಬ್‌ವರ್ಷನ್ ಎಂಬ ಪ್ರೋಗ್ರಾಂ ಈ ಒಂದು ವಿಷಯದಲ್ಲಿ ಒಳ್ಳೆಯದಿತ್ತು. ಚೆಕ್‌ಔಟ್ (ಕೋಡ್ ಇಳಿಸುವುದು) ಕಡಿದರೆ ಕ್ಲೀನಪ್ ಕೊಟ್ಟು ಅಪ್‌ಡೇಟ್ ಅಂದರೆ ಉಳಿದದ್ದಷ್ಟೇ ಬರುತ್ತಿತ್ತು. ಅದರ ಗುಂಡಿ ಬೇರೆ ಕಡೆ ಇತ್ತು. ಊರಿನ ಹೆಸರು ಇನ್ನೂ ಗುಲ್ಬರ್ಗ ಆಗಿದ್ದ ಕಾಲ, ಒಂದು ಕಾಲೇಜಿನ ಲ್ಯಾಬಿನಲ್ಲಿ ರಾತ್ರಿ ಚೆಕ್‌ಔಟ್ ಹಚ್ಚಿ ಮನೆಗೆ ಹೋದೆ. ವಿಳಾಸದ ಕೊನೆಗೆ ಟ್ರಂಕ್ (ಮುಖ್ಯ ಕೋಡ್ ಇರುವ ಫೋಲ್ಡರ್) ಎಂದು ಸೇರಿಸುವುದು ಮರೆತಿದ್ದೆ. ಸಬ್‌ವರ್ಷನ್‌ನಲ್ಲಿ ಬ್ರಾಂಚು (ಕೆಲಸದ ಕವಲು), ಟ್ಯಾಗು (ಒಂದು ಆವೃತ್ತಿಗಿಟ್ಟ ಹೆಸರು) ಎಲ್ಲ ಬರೀ ಫೋಲ್ಡರ್‌ಗಳು. ಬೇರಿನ ವಿಳಾಸ ಕೊಟ್ಟರೆ ಯೋಜನೆ ಹುಟ್ಟಿದಾಗಿನಿಂದ ಬಿಡುಗಡೆಯಾದ ಒಂದೊಂದು ಆವೃತ್ತಿಯ ಪೂರ್ತಿ ಪ್ರತಿಯೂ ಬರುತ್ತದೆ. ಬೆಳಗ್ಗೆ ಬಂದು ನೋಡಿದರೆ ಅದೇ ಫೈಲುಗಳು ಸಾಲುಸಾಲು ಫೋಲ್ಡರುಗಳಲ್ಲಿ ಕೂತು ಡಿಸ್ಕ್ ತುಂಬಿತ್ತು, ಲ್ಯಾಬ್ ಅಸಿಸ್ಟೆಂಟ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಇವತ್ತಿಗೂ ಸಬ್‌ವರ್ಷನ್ ರೆಪೊ ಕಂಡರೆ ನನ್ನ ಕೈ ಮೊದಲು ಟ್ರಂಕ್ ಎಂದೇ ಹೊಡೆಯುತ್ತದೆ.

ಗಿಟ್‌ನಲ್ಲಿ ಹಾಗಲ್ಲ. ಕ್ಲೋನ್ ಅಂದರೆ ಮೊದಲ ದಿನದಿಂದಿನ ಇತಿಹಾಸವೆಲ್ಲ ನಿಮ್ಮ ಡಿಸ್ಕಿಗೆ ಬರುವುದು. ಟೆಸರ್ಯಾಕ್ಟ್ ಎಚ್‌ಪಿ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತವಾಗಿ, ಆಮೇಲೆ ಗೂಗಲ್ ಆಸರೆಯಲ್ಲಿ ಬೆಳೆದದ್ದು. ಆ ಉದ್ದದ ಚರಿತ್ರೆ ನಿಮಗೆ ಇವತ್ತೇ ಬೇಕಿಲ್ಲ. ಹೀಗೆ ಕೊಡಿ:

ಗಿಟ್ ಕ್ಲೋನ್ --ಡೆಪ್ತ್ 1 --ಬ್ರಾಂಚ್ 5.3.4, ಆಮೇಲೆ ವಿಳಾಸ

ಡೆಪ್ತ್ 1 ಎಂದರೆ ಕೊನೆಯ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ಹಂತ) ಒಂದೇ ಸಾಕು ಎಂದು. ಬ್ರಾಂಚ್ ಎಂಬಲ್ಲಿ ಟ್ಯಾಗಿನ ಹೆಸರೂ ನಡೆಯುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಏನೂ ಹೇಳದೆ ಕ್ಲೋನ್ ಮಾಡಿದರೆ ಮೇನ್ ಬ್ರಾಂಚ್ ಸಿಗುತ್ತದೆ, ಅದು ನಡೆದಿರುವ ಕೆಲಸ, ನಿನ್ನೆ ರಾತ್ರಿ ಯಾರೋ ಹಾಕಿದ ಬದಲಾವಣೆಯೂ ಅದರಲ್ಲಿರುತ್ತದೆ. ಪ್ರಾಜೆಕ್ಟಿಗೆ ಟ್ಯಾಗ್ ಹಿಡಿಯುವುದೇ ಕ್ಷೇಮ. ಟ್ಯಾಗ್ ಹಿಡಿದಾಗ ಡಿಟ್ಯಾಚ್ಡ್ ಹೆಡ್ ಎಂದು ಉದ್ದನೆಯ ಸೂಚನೆ ಬರುತ್ತದೆ, ಹೆದರಬೇಡಿ, ಅದು ದೋಷವಲ್ಲ. "ನೀವು ಬ್ರಾಂಚಿನ ಮೇಲಿಲ್ಲ, ಒಂದು ಗೊತ್ತಾದ ಕಮಿಟ್ ಮೇಲೆ ನಿಂತಿದ್ದೀರಿ" ಅಂತ ಹೇಳುತ್ತಿದೆ, ಅಷ್ಟೇ.

ಹಿಂದಿನ ಇತಿಹಾಸ ಬೇಕೆನಿಸಿದ ದಿನ ಗಿಟ್ ಫೆಚ್ --ಡೀಪನ್ 200 ಎಂದು ಕಂತುಕಂತಾಗಿ ತರಿಸಿಕೊಳ್ಳಿ. ಒಂದು ಕಂತು ಕಡಿದರೆ ಆ ಕಂತಷ್ಟೇ ಹೋಗುತ್ತದೆ, ಹಿಂದಿನವು ಉಳಿಯುತ್ತವೆ. ಪೂರ್ತಿ ಬೇಕಾದಾಗ ಗಿಟ್ ಫೆಚ್ --ಅನ್‌ಶಾಲೋ.

ಟೆಸ್‌ಡೇಟಾ ಮಾತ್ರ ನೀವು ಕ್ಲೋನ್ ಮಾಡಲೇಬಾರದಿತ್ತು. ಅದರಲ್ಲಿ ನೂರಕ್ಕೂ ಹೆಚ್ಚು ಭಾಷೆಗಳ ತರಬೇತಿ ಫೈಲುಗಳಿವೆ, ಎಲ್ಲವೂ ಬೈನರಿ, ಬದಲಾದಾಗಿನ ಹಳೆಯ ಪ್ರತಿಗಳೂ ಇತಿಹಾಸದಲ್ಲಿ ಕೂತಿವೆ. ನಿಮಗೆ ಬೇಕಿರುವುದು ಕನ್.ಟ್ರೇನ್ಡ್‌ಡೇಟಾ ಎಂಬ ಕೆಲವೇ ಎಂಬಿಯ ಒಂದು ಫೈಲು. ಅದನ್ನೂ ಟೆಸ್‌ಡೇಟಾದಿಂದ ಬೇಡ, ಟೆಸ್‌ಡೇಟಾ_ಫಾಸ್ಟ್ ಅಥವಾ ಟೆಸ್‌ಡೇಟಾ_ಬೆಸ್ಟ್ ರೆಪೊದಿಂದ ತೆಗೆದುಕೊಳ್ಳಿ. ಫಾಸ್ಟ್ ಹೆಸರಿಗೆ ತಕ್ಕ ಹಾಗೆ ಚುರುಕು. ಬೆಸ್ಟ್ ನಿಧಾನ, ಆದರೆ ಮುಂದೆ ಹಳೆಯ ಅಚ್ಚಿನ ಅಕ್ಷರಗಳಿಗೆ ನೀವೇ ತರಬೇತಿ ಕೊಡುವುದಾದರೆ ಅದರ ಮೇಲೆಯೇ ಕಟ್ಟಬೇಕು. ತತ್ವಪದದ ಹಳೆಯ ಮುದ್ರಣದಲ್ಲಿ ಒತ್ತಕ್ಷರಗಳು ಅಚ್ಚುಮೊಳೆ ಸವೆದು ಮಸಿ ಹರಡಿ ಕೂತಿರುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿರುತ್ತದೆ. ಆ ತರಬೇತಿ ಬೇಕಾಗುವ ಸಂಭವವೇ ಹೆಚ್ಚು. ನಾನಾದರೆ ಬೆಸ್ಟ್ ಹಿಡಿಯುತ್ತೇನೆ.

ಒಂದೇ ಫೈಲ್ ಇಳಿಸುವಾಗಲೂ ಒಂದು ಎಡವಟ್ಟಿದೆ. ಪಟ್ಟಿಯಲ್ಲಿ ಫೈಲ್ ಹೆಸರಿನ ಮೇಲೆ ಬಲಗುಂಡಿ ಒತ್ತಿ ಸೇವ್ ಕೊಟ್ಟರೆ ಫೈಲಿನ ಬದಲು ಆ ಫೈಲನ್ನು ತೋರಿಸುವ ವೆಬ್‌ಪುಟ ಉಳಿಯುತ್ತದೆ, ಅದೂ ಕನ್.ಟ್ರೇನ್ಡ್‌ಡೇಟಾ ಎಂಬ ಹೆಸರಿನಲ್ಲೇ! ಟೆಸರ್ಯಾಕ್ಟ್ ಅದನ್ನು ಓದಲಾರದೆ ಸಾಯುತ್ತದೆ, ನೀವು "ಫೈಲ್ ಇಟ್ಟೀನಲ್ಲ" ಅಂತ ತಲೆ ಚಚ್ಚಿಕೊಳ್ಳುತ್ತೀರಿ. ಬೀದರಿನ ಹುಡುಗಿಯೊಬ್ಬಳು ಎರಡು ದಿನ ಹೀಗೆ ಒದ್ದಾಡಿದ್ದಳು. ಎಡಿಟರ್‌ನಲ್ಲಿ ತೆರೆಯಿಸಿದೆ, ಮೊದಲ ಸಾಲಿನಲ್ಲೇ ಎಚ್‌ಟಿಎಂಎಲ್ ಎಂದಿತ್ತು. ಫೈಲಿನ ಹೆಸರು ಒತ್ತಿ ಒಳಗೆ ಹೋಗಿ, ಅಲ್ಲಿರುವ ರಾ ಅಥವಾ ಡೌನ್‌ಲೋಡ್ ಗುಂಡಿ ಒತ್ತಿ. ಗಾತ್ರ ಕೆಬಿಯಲ್ಲಿದ್ದರೆ ಮೋಸ ಹೋದಿರಿ ಅಂತ ತಿಳಿಯಿರಿ.

ಇಷ್ಟಾಗಿಯೂ ನೆಟ್ ಕೈಕೊಟ್ಟರೆ ಹಳೆಯ ದಾರಿ ಇದ್ದೇ ಇದೆ, ಪೆನ್‌ಡ್ರೈವ್. ಬೆಂಗಳೂರಿನಲ್ಲಿ ಓದುವ ಗೆಳೆಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಅವನಿಗೆ ಹೇಳಿ: ಗಿಟ್ ಕ್ಲೋನ್ --ಮಿರರ್ ಎಂದು ರೆಪೊ ಇಳಿಸಿ, ಆ ಫೋಲ್ಡರಿನೊಳಗೆ ಹೋಗಿ ಗಿಟ್ ಬಂಡಲ್ ಕ್ರಿಯೇಟ್ ಟೆಸ್.ಬಂಡಲ್ --ಆಲ್ ಎಂದು ಕೊಡಲಿ. ಇಡೀ ರೆಪೊ ಒಂದೇ ಫೈಲಾಗಿ ಗಂಟು ಬೀಳುತ್ತದೆ. ಯಾದಗಿರಿ ಸ್ಟೇಷನ್ನಿನಲ್ಲಿ ಅದನ್ನು ಇಸಕೊಂಡು, ಮನೆಯಲ್ಲಿ ಗಿಟ್ ಕ್ಲೋನ್ ಟೆಸ್.ಬಂಡಲ್ ಟೆಸರ್ಯಾಕ್ಟ್ ಎಂದರೆ ಥೇಟ್ ನೆಟ್‌ನಿಂದ ಬಂದ ಹಾಗೆಯೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್ ಎಂದು ಬರೆದು ಗಿಟ್‌ಹಬ್ ವಿಳಾಸ ಕೊಟ್ಟುಬಿಡಿ. ಮುಂದೆ ಗಿಟ್ ಪುಲ್ ಅಂದಾಗ ಹೊಸದಾಗಿ ಸೇರಿದ್ದಷ್ಟೇ ಹಾಟ್‌ಸ್ಪಾಟ್‌ನಿಂದ ಬರುತ್ತದೆ.

ಗೆಳೆಯ ಫೋಲ್ಡರನ್ನೇ ನಕಲು ಮಾಡಿ ಕೊಡ್ತೀನಿ ಅಂದರೆ ಬೇಡ ಅನ್ನಿ. ಗಿಟ್ ಫೋಲ್ಡರಿನೊಳಗೆ ಹುಕ್ ಎಂಬ ಸ್ಕ್ರಿಪ್ಟುಗಳಿರಬಹುದು, ನೀವು ಬೇರೇನೋ ಮಾಡುವಾಗ ತಾವಾಗಿ ಓಡಬಹುದು. ಅದಕ್ಕೇ 2022ರಿಂದ ಈಚಿನ ಗಿಟ್ ಬೇರೆಯವರ ಒಡೆತನದ ಫೋಲ್ಡರ್ ಕಂಡರೆ ಡ್ಯುಬಿಯಸ್ ಓನರ್‌ಶಿಪ್ ಎಂದು ತಕರಾರು ತೆಗೆಯುತ್ತದೆ. ಪೆನ್‌ಡ್ರೈವಿನಲ್ಲಿ ಈ ತಕರಾರು ಬರುವುದು ಮಾಮೂಲು. ಬಂಡಲ್‌ನಲ್ಲಿ ಹುಕ್ಕೂ ಬರುವುದಿಲ್ಲ, ತಕರಾರೂ ಇಲ್ಲ.

ಕೈಯಿಂದ ಕೈಗೆ ಬಂದ ಕೋಡನ್ನು ನಂಬುವುದು ಹೇಗೆ? ಗಿಟ್‌ನ ಜಾಣತನ ಇರುವುದು ಇಲ್ಲೇ. ಪ್ರತಿ ಕಮಿಟ್‌ಗೂ 40 ಅಕ್ಷರದ ಒಂದು ಗುರುತು ಇರುತ್ತದೆ. ಅದು ಯಾರೋ ಕೊಟ್ಟ ನಂಬರ್ ಅಲ್ಲ, ಫೈಲುಗಳ ಒಳಗಿನದನ್ನೂ ಹಿಂದಿನ ಕಮಿಟ್‌ನ ಗುರುತನ್ನೂ ಸೇರಿಸಿ ಲೆಕ್ಕ ಹಾಕಿ ತೆಗೆದದ್ದು. ನಡುವೆ ಯಾರಾದರೂ ಒಂದು ಅಲ್ಪವಿರಾಮ ಬದಲಿಸಿದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗುತ್ತವೆ. ಆ ಟ್ಯಾಗ್ ಮೇಲೆ ನಿಂತು ಗಿಟ್ ಲಾಗ್ -1 ಹೊಡೆಯಿರಿ, ಬಂದ ಗುರುತನ್ನು ಗಿಟ್‌ಹಬ್ ಪುಟದಲ್ಲಿ ಅದೇ ಟ್ಯಾಗಿನ ಕಮಿಟ್ ಜೊತೆ ಹೋಲಿಸಿ. ಹೊಂದಿದರೆ, ಪೆನ್‌ಡ್ರೈವ್ ಯಾರ ಕಿಸೆಯಲ್ಲಿ ಬಂದಿದ್ದರೂ ಚಿಂತೆಯಿಲ್ಲ. ಆ ಗುರುತನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲೂ ಬರೆಯಿರಿ. "ಲೇಟೆಸ್ಟ್ ವರ್ಷನ್ ಬಳಸಿದೆ" ಅನ್ನುವ ರಿಪೋರ್ಟುಗಳನ್ನು ಓದಿ ಓದಿ ನನಗೆ ಸಾಕಾಗಿದೆ, ಯಾವತ್ತಿನ ಲೇಟೆಸ್ಟು?

ಲೈಸೆನ್ಸ್ ಕುರಿತು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಟೆಸರ್ಯಾಕ್ಟ್ ಅಪಾಚೆ 2.0 ಲೈಸೆನ್ಸಿನದು. ಬಳಸಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಲೈಸೆನ್ಸ್ ಪ್ರತಿ ಜೊತೆಗಿರಬೇಕು, ತಿದ್ದಿದ ಫೈಲುಗಳಲ್ಲಿ ತಿದ್ದಿದ್ದೇನೆಂದು ನಮೂದಿಸಬೇಕು. ಬೇರೆ ಯಾವುದಾದರೂ ರೆಪೊದಲ್ಲಿ ಲೈಸೆನ್ಸ್ ಫೈಲೇ ಇಲ್ಲದಿದ್ದರೆ "ಬಹಿರಂಗವಾಗಿ ಇಟ್ಟಿದ್ದಾರಲ್ಲ" ಎಂದು ಎತ್ತಿಕೊಳ್ಳಬೇಡಿ. ಬಹಿರಂಗವಾಗಿದ್ದ ಮಾತ್ರಕ್ಕೆ ಓಪನ್ ಸೋರ್ಸ್ ಆಗುವುದಿಲ್ಲ.

ಕೋಡ್ ಕೈಗೆ ಬಂದ ಮೇಲಿನ ಕ್ರಮ: ಚಿತ್ರ ಸಂಸ್ಕರಿಸುವ ಲೆಪ್ಟೋನಿಕಾ ಲೈಬ್ರರಿಯ ಡೆವ್ (ಬಿಲ್ಡ್‌ಗೆ ಬೇಕಾದ) ಪ್ಯಾಕೇಜ್ ಮತ್ತು ಸಿ++17 ಬಲ್ಲ ಕಂಪೈಲರ್ ಇದೆಯೇ ನೋಡಿಕೊಳ್ಳಿ. ಆಟೋಜೆನ್, ಕಾನ್ಫಿಗರ್, ಮೇಕ್, ಸುಡೋ ಮೇಕ್ ಇನ್‌ಸ್ಟಾಲ್, ಕೊನೆಗೆ ಸುಡೋ ಎಲ್‌ಡಿಕಾನ್ಫಿಗ್. ಕೊನೆಯದನ್ನು ಮರೆತರೆ ಲಿಬ್‌ಟೆಸರ್ಯಾಕ್ಟ್ ಸಿಗಲಿಲ್ಲ ಎಂದು ಗೊಣಗುತ್ತದೆ.

ಇನ್ನೊಂದು ಕಡೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಮೊದಲು ಆಪ್ಟ್‌ನಿಂದ ಹಾಕಿಕೊಂಡು, ಆಮೇಲೆ ನೀವೇ ಬಿಲ್ಡ್ ಮಾಡಿದ್ದನ್ನೂ ಹಾಕಿದರೆ ಯಂತ್ರದಲ್ಲಿ ಎರಡು ಟೆಸರ್ಯಾಕ್ಟ್ ಆದವು. ನೀವು ಕಟ್ಟಿದ್ದು ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರಿನಲ್ಲಿ ಕೂತು, ಡೇಟಾವನ್ನೂ ಅಲ್ಲಿಯ ಶೇರ್, ಟೆಸ್‌ಡೇಟಾ ಒಳಗೇ ಹುಡುಕುತ್ತದೆ. ಆಪ್ಟ್ ತಂದ ಕನ್ನಡ ಫೈಲ್ ಬೇರೆ ಮನೆಯಲ್ಲಿರುತ್ತದೆ. ಹೀಗಾಗಿ "ಕನ್ ಸಿಗಲಿಲ್ಲ, ಟೆಸ್‌ಡೇಟಾ_ಪ್ರಿಫಿಕ್ಸ್ ನೋಡಿ" ಎನ್ನುತ್ತದೆ. ಟೆಸರ್ಯಾಕ್ಟ್ --ಲಿಸ್ಟ್-ಲ್ಯಾಂಗ್ಸ್ ಹೊಡೆದರೆ ಅದು ಎಲ್ಲಿ ಹುಡುಕುತ್ತಿದೆ ಅನ್ನುವುದನ್ನು ತಾನೇ ಹೇಳುತ್ತದೆ, ಫೈಲನ್ನು ಅಲ್ಲಿಗೆ ಒಯ್ದು ಇಡಿ. ವಿಚ್ ಟೆಸರ್ಯಾಕ್ಟ್ ಎಂದರೆ ಎರಡರಲ್ಲಿ ಓಡುತ್ತಿರುವುದು ಯಾವುದೆಂದೂ ಗೊತ್ತಾಗುತ್ತದೆ.

ಮೇಕ್ ಹಚ್ಚಿದಾಗ ಹಳೆಯ ಲ್ಯಾಪ್‌ಟಾಪ್ ಬಿಸಿಯಾಗಿ ಹೊಡಕೊಳ್ಳುತ್ತದೆ, ಮೇ ತಿಂಗಳ ಮಧ್ಯಾಹ್ನ ಬೇಡ, ರಾತ್ರಿ ಹಚ್ಚಿ. ನಡುವೆ ಕರೆಂಟ್ ಹೋದರೆ ಗಾಬರಿಯಾಗಬೇಡಿ. ಗಿಟ್ ಕ್ಲೋನ್‌ನಂತಲ್ಲ ಇದು, ಮತ್ತೆ ಮೇಕ್ ಎಂದರೆ ಆದದ್ದನ್ನು ಬಿಟ್ಟು ಮುಂದಿನದರಿಂದ ಶುರು ಮಾಡುತ್ತದೆ. ಅಪರೂಪಕ್ಕೆ ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲೊಂದು ಅರೆಬರೆ ಉಳಿದು ವಿಚಿತ್ರ ದೋಷ ಕೊಡಬಹುದು, ಆಗ ಮೇಕ್ ಕ್ಲೀನ್ ಕೊಟ್ಟು ಮೊದಲಿಂದ ಮಾಡಿ. ಅದರ ಮೇಲೂ ನಿಂತರೆ ಪರದೆಯ ಫೋಟೊ ತೆಗೆದು ಕಳಿಸಬೇಡಿ, ಓದಲು ಬರುವುದಿಲ್ಲ. ಮೊದಲು ಕಾಣಿಸಿದ ದೋಷದ ಸಾಲು ಮತ್ತು ಗಿಟ್ ಲಾಗ್ -1 ಕೊಟ್ಟ ಉತ್ತರ, ಎರಡನ್ನೂ ಪಠ್ಯವಾಗಿ ಕಳಿಸಿ.